ತುಳಸಿ ಕಟ್ಟೆ ಮೇಲೆ ದಿನಾ ಕರಿ ಪುಡಿ: ಫ್ಯಾಕ್ಟರಿ ನಿಯಮದ ಪ್ರಕಾರ ನಡೆಯುತ್ತಿದೆಯಾ ಅಂತ ನಾವು ತಿಳಿಯುವುದು ಹೇಗೆ?

ಸಾಗರರಸ್ತೆ_ಮನೆ

ನಮಸ್ಕಾರ. ಶಿವಮೊಗ್ಗದ ಸಾಗರ ರಸ್ತೆ ಕಡೆ, ಕೈಗಾರಿಕಾ ಪ್ರದೇಶದ ಬೆನ್ನಿಗೇ ನಮ್ಮ ಬಡಾವಣೆ ಇದೆ. ಮನೆ ಕಟ್ಟಿಸಿ 9 ವರ್ಷ ಆಯಿತು. ಮೊದಲೆರಡು ವರ್ಷ ಏನೂ ಗೊತ್ತಾಗಲಿಲ್ಲ. ಆಮೇಲೆ ಹಿಂದಿನ ಫೌಂಡ್ರಿ, ಅಂದರೆ ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆ, ದೊಡ್ಡದಾಯಿತು, ರಾತ್ರಿ ಪಾಳಿ ಶುರುವಾಯಿತು.

ಈಗ ದಿನಾ ಬೆಳಿಗ್ಗೆ ತುಳಸಿ ಕಟ್ಟೆ ಮೇಲೆ ಕರಿ ಪುಡಿ. ಬೆರಳಲ್ಲಿ ಒರೆಸಿದರೆ ಸ್ವಲ್ಪ ಹೊಳೆಯುತ್ತದೆ. ಒಗೆದ ಬಟ್ಟೆಯನ್ನು ರಾತ್ರಿ ಹೊರಗೆ ಬಿಡುವ ಹಾಗಿಲ್ಲ. ತಾರಸಿ ಮೇಲೆ ಹಲಸಿನ ಹಪ್ಪಳ ಒಣಗಿಸುವುದನ್ನು ಅಮ್ಮ ಬಿಟ್ಟೇಬಿಟ್ಟಿದ್ದಾರೆ, ಬೇಸಿಗೆಯಲ್ಲಿ ತೀರ್ಥಹಳ್ಳಿಯ ಅಕ್ಕನ ಮನೆಗೆ ಹೋಗಿ ಮಾಡಿಕೊಂಡು ಬರುತ್ತಾರೆ. ಮಳೆಗಾಲದಲ್ಲಿ ಅಷ್ಟು ಗೊತ್ತಾಗುವುದಿಲ್ಲ. ದೀಪಾವಳಿ ಕಳೆದು ಚಳಿ ಶುರುವಾದರೆ ಶಿವರಾತ್ರಿ ತನಕ ಬಹಳ ಕಷ್ಟ. ಮಂಜು ಬಿದ್ದ ದಿನ ಹೊಗೆ ಮೇಲೆ ಹೋಗುವುದೇ ಇಲ್ಲ, ಬೆಳಗಿನ ತನಕ ರಸ್ತೆ ಮೇಲೆ ನಿಂತಿರುತ್ತದೆ. ಅಮ್ಮನಿಗೆ 71 ವರ್ಷ. ಹೋದ ಚಳಿಗಾಲದಿಂದ ಇನ್‌ಹೇಲರ್ ದಿಂಬಿನ ಪಕ್ಕದಲ್ಲೇ ಇದೆ. ರಾತ್ರಿ ಹತ್ತು ಗಂಟೆ ಮೇಲೆ ಒಂದು ಥರ ಆಸ್ಪತ್ರೆ ವಾಸನೆ ಬೇರೆ ಬರುತ್ತದೆ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೆ ಫೋನ್ ಮಾಡಿದೆ, ಬರೆದು ಕೊಡಿ ಅಂದರು. ಬರೆದು ಕೊಟ್ಟೆ. ತಿಂಗಳಾದ ಮೇಲೆ ಒಂದು ಪುಟದ ಉತ್ತರ ಬಂತು: ಘಟಕ ಸಮ್ಮತಿ (ನಡೆಸಲು ಮಂಡಳಿಯ ಅನುಮತಿ) ಪಡೆದಿದೆ, ಮಾಲಿನ್ಯ ನಿಯಂತ್ರಣ ಉಪಕರಣ ಅಳವಡಿಸಿದೆ. ಅಷ್ಟೇ. ಸಮ್ಮತಿ ಇದ್ದರೆ ಎಲ್ಲಾ ಸರಿ ಅಂತ ಅರ್ಥವಾ? ಹಾಗಾದರೆ ಈ ಪುಡಿ ಎಲ್ಲಿಂದ ಬರುತ್ತಿದೆ?

ಇನ್ನೊಂದು ಮಾತು. ನಮ್ಮ ಬೀದಿಯಲ್ಲೇ ನಾಲ್ಕು ಮನೆಯವರು ಆ ಪ್ರದೇಶದ ಫ್ಯಾಕ್ಟರಿಗಳಿಗೆ ಕೆಲಸಕ್ಕೆ ಹೋಗುತ್ತಾರೆ. ಪಕ್ಕದ ಮನೆ ಅತ್ತೆ "ನಮ್ಮ ಹುಡುಗನ ಅನ್ನ ಅಲ್ಲೇ ಇರುವುದು, ಸುಮ್ನೆ ಇರಮ್ಮ" ಅಂದರು. ಫ್ಯಾಕ್ಟರಿ ಮುಚ್ಚಿಸುವುದು ನನಗೂ ಬೇಡ. ಹೊಗೆ ನಿಯಮದೊಳಗೆ ಬರಲಿ, ಅಷ್ಟು ಸಾಕು. ಗೊತ್ತಿರುವವರು ದಯವಿಟ್ಟು ಹೇಳಿ, ಎಲ್ಲಿಂದ ಶುರು ಮಾಡಲಿ?

ಕೂಡ್ಲಿ_ದಾರಿ

ಅಕ್ಕಾ, ನಿಮಗೆ ಬಂದ ಉತ್ತರವನ್ನೇ ಇನ್ನೊಂದು ಸಲ ಓದಿ. "ಅಳವಡಿಸಿದೆ" ಅಂತ ಬರೆದಿದ್ದಾರೆ. ಅದು ರಾತ್ರಿ ಓಡುತ್ತಿದೆಯಾ ಅಂತ ಯಾರೂ ಬರೆದಿಲ್ಲ. ನಮ್ಮ ಊರಲ್ಲೂ ಇದೇ ಉತ್ತರ ಬಂದಿತ್ತು.

ನಮ್ಮದು ಅಕ್ಕಿ ಗಿರಣಿ ಕಥೆ. ಬಾಯ್ಲರ್‌ಗೆ ಭತ್ತದ ಹೊಟ್ಟು ಹಾಕುತ್ತಿದ್ದರು, ಬೂದಿಯನ್ನು ಕಾಂಪೌಂಡ್ ಪಕ್ಕ ಬಯಲಲ್ಲೇ ಸುರಿಯುತ್ತಿದ್ದರು. ಗಾಳಿ ಬೀಸಿದರೆ ಶಾಲೆ ಮಕ್ಕಳ ಊಟದ ತಟ್ಟೆಗೆ ಬೂದಿ. ಎರಡು ವರ್ಷ ನಾವು ಮಾಡಿದ್ದು ಒಂದೇ ಕೆಲಸ, "ತುಂಬಾ ಧೂಳು ಬರುತ್ತಿದೆ, ಕ್ರಮ ತಗೊಳ್ಳಿ" ಅಂತ ಅರ್ಜಿ ಕೊಡುವುದು. ಏನೂ ಆಗಲಿಲ್ಲ. ಆಮೇಲೆ ಒಬ್ಬ ವಕೀಲರು ಹೇಳಿಕೊಟ್ಟರು. ಧೂಳಿನ ಬಗ್ಗೆ ದೂರು ಕೊಡಬೇಡಿ, ಷರತ್ತಿನ ಬಗ್ಗೆ ಕೊಡಿ ಅಂದರು.

ಮಂಡಳಿ ಯಾವ ಕಾರ್ಖಾನೆಗೂ ಸುಮ್ನೆ ಸಮ್ಮತಿ ಕೊಡುವುದಿಲ್ಲ. ಪುಟಗಟ್ಟಲೆ ಷರತ್ತು ಹಾಕಿ ಕೊಡುತ್ತದೆ. ಚಿಮಣಿ ಎಷ್ಟು ಎತ್ತರ, ಹೊಗೆಯಲ್ಲಿ ಧೂಳು ಎಷ್ಟಿರಬಹುದು, ಬೂದಿ ಎಲ್ಲಿ ಹಾಕಬೇಕು, ಎಷ್ಟು ದಿನಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು, ಎಲ್ಲಾ ಅದರಲ್ಲಿ ಇರುತ್ತದೆ. ಆ ಷರತ್ತುಗಳನ್ನು ನೋಡುವ ಹಕ್ಕು ನಿಮಗಿದೆ. 1974ರ ಜಲ ಕಾಯ್ದೆಯ 25ನೇ ಸೆಕ್ಷನ್, 1981ರ ವಾಯು ಕಾಯ್ದೆಯ 51ನೇ ಸೆಕ್ಷನ್ ಎರಡೂ ಸಮ್ಮತಿಗಳ ರಿಜಿಸ್ಟರ್ ಇಡಬೇಕು, ತೊಂದರೆಗೆ ಒಳಗಾದವರಿಗೆ ತೋರಿಸಬೇಕು ಅನ್ನುತ್ತವೆ. ಶಿವಮೊಗ್ಗದಲ್ಲೇ ಪ್ರಾದೇಶಿಕ ಕಚೇರಿ ಇದೆಯಲ್ಲ, ಬೆಂಗಳೂರಿಗೆ ಓಡಬೇಕಿಲ್ಲ. ಬಾಯಲ್ಲಿ ಕೇಳಿದರೆ ಇವತ್ತು ನಾಳೆ ಅನ್ನಬಹುದು. ಹಾಗಾಗಿ ಜೊತೆಗೇ ಮಾಹಿತಿ ಹಕ್ಕಿನಲ್ಲೂ ಒಂದು ಅರ್ಜಿ ಹಾಕಿ. 10 ರೂಪಾಯಿ, 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ನನ್ನ ಮೊದಲ ಅರ್ಜಿ ಅದಕ್ಕೇ ವಾಪಸ್ ಬಂದಿತ್ತು, ಊರ ಕಷ್ಟ ಎಲ್ಲಾ ಬರೆದುಬಿಟ್ಟಿದ್ದೆ. ಸಮ್ಮತಿ ಪತ್ರದ ಪ್ರತಿಗೆ ಒಂದು ಅರ್ಜಿ, ಹಿಂದಿನ ಮೂರು ವರ್ಷದ ಪರಿಶೀಲನಾ ವರದಿಗೆ ಇನ್ನೊಂದು, ಚಿಮಣಿ ಪರೀಕ್ಷೆಯ ಫಲಿತಾಂಶಕ್ಕೆ ಮತ್ತೊಂದು. ಹೀಗೆ ಬಿಡಿಬಿಡಿಯಾಗಿ ಹಾಕಿ.

ಅದು ಬರುವ ತನಕ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಕು, ಗಂಟೆ, ಹೊಗೆ ಬಣ್ಣ, ಗಾಳಿ ಯಾವ ಕಡೆಯಿಂದ, ಅಮ್ಮನಿಗೆ ಆ ದಿನ ಉಸಿರು ಹೇಗಿತ್ತು. ಫೋಟೊ ತೆಗೆದರೆ ಅದರಲ್ಲಿ ಯಾವುದಾದರೂ ಗುರುತು ಸಿಗುವ ಕಟ್ಟಡ ಇರಲಿ. ಅರ್ಜಿ ಕೊಟ್ಟಾಗ ಪ್ರತಿ ಮೇಲೆ ಟಪಾಲಿನ ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ.

ನಮ್ಮ ಗಿರಣಿಯ ಸಮ್ಮತಿ ಪತ್ರದಲ್ಲಿ ಬೂದಿಯನ್ನು ಮುಚ್ಚಿದ ಕೋಣೆಯಲ್ಲಿ, ನೀರು ಚಿಮುಕಿಸಿ ಇಡಬೇಕು ಅಂತ ಒಂದು ಸಾಲು ಇತ್ತು. ಆ ಸಾಲಿಗೆ ಗೆರೆ ಎಳೆದು, ಪಕ್ಕದಲ್ಲಿ ಬಯಲಿನ ಬೂದಿ ರಾಶಿಯ ಫೋಟೊ ಅಂಟಿಸಿ ಕೊಟ್ಟೆವು. ನಾಲ್ಕು ತಿಂಗಳಲ್ಲಿ ಶೆಡ್ ಆಯಿತು. ಗಿರಣಿ ಈಗಲೂ ನಡೆಯುತ್ತಿದೆ.

ಎರಕದವನು

ನಾನು ಫೌಂಡ್ರಿಯಲ್ಲಿ ಸೂಪರ್‌ವೈಸರ್. ನಿಮ್ಮ ಪಕ್ಕದ್ದಲ್ಲ, ಮಾಚೇನಹಳ್ಳಿ ಕಡೆ. 22 ವರ್ಷ ಈ ಕೆಲಸದಲ್ಲಿದ್ದೇನೆ. ಒಳಗಿನ ವಿಷಯ ಹೇಳುತ್ತೇನೆ, ಯಾಕೆಂದರೆ ಹೊರಗಿನವರು ಚಿಮಣಿ ಒಂದನ್ನೇ ನೋಡುತ್ತಾರೆ, ಧೂಳು ಮಾತ್ರ ನಾಲ್ಕೈದು ಕಡೆಯಿಂದ ಬರುತ್ತದೆ.

ಹಳೇ ಫೌಂಡ್ರಿಗಳಲ್ಲಿ ಕುಪೋಲಾ ಇರುತ್ತದೆ, ಕಲ್ಲಿದ್ದಲಿನ ಕೋಕ್ ಹಾಕಿ ಕಬ್ಬಿಣ ಕರಗಿಸುವುದು. ಅದರ ಹೊಗೆ ಜಾಸ್ತಿ. ಈಗ ಹೆಚ್ಚಿನವರು ಕರೆಂಟಿನ ಇಂಡಕ್ಷನ್ ಫರ್ನೇಸ್‌ಗೆ ಬಂದಿದ್ದಾರೆ. ಅದರಲ್ಲಿ ಹೊಗೆ ಕಡಿಮೆ, ಆದರೆ ಎಣ್ಣೆ, ಪೇಂಟ್ ಅಂಟಿದ ಸ್ಕ್ರ್ಯಾಪ್ ಹಾಕಿದರೆ ಹಾಕಿದ ಕೂಡಲೇ ಕರಿ ಹೊಗೆ ಏಳುತ್ತದೆ. ಶುದ್ಧ ಸ್ಕ್ರ್ಯಾಪ್ ತಂದರೆ ಅರ್ಧ ತಲೆನೋವು ಅಲ್ಲೇ ಹೋಗುತ್ತದೆ. ಹೊಗೆ ಒಮ್ಮೆಲೇ ಬೆಳ್ಳಗೆ, ಬೆಳಕಿನ ಜೊತೆ ಬಂದರೆ ಅದು ಮೆಗ್ನೀಶಿಯಂ, ಗಟ್ಟಿ ಎರಕಕ್ಕೆ ಹಾಕುತ್ತೇವೆ. ನೀವು ಹೇಳುವ ಆಸ್ಪತ್ರೆ ವಾಸನೆ ಶೆಲ್ ಕೋರ್ (ಎರಕದೊಳಗೆ ಟೊಳ್ಳು ಬರಲು ಇಡುವ ಮರಳಿನ ಅಚ್ಚು) ಮಾಡುವ ರಾಳದ್ದು ಅಂತ ನನಗೆ ಅನಿಸುತ್ತದೆ, ಅದರಲ್ಲಿ ಫೀನಾಲ್ ಇರುತ್ತದೆ. ಹೊಳೆಯುವ ಕರಿ ಪುಡಿ ಕಬ್ಬಿಣದಿಂದ ಬಿಡುವ ಗ್ರಾಫೈಟ್ ಇರಬಹುದು. ಶಾಟ್ ಬ್ಲಾಸ್ಟಿಂಗ್, ಅಂದರೆ ಸಣ್ಣ ಉಕ್ಕಿನ ಗುಂಡು ಹೊಡೆದು ಎರಕ ಶುಚಿ ಮಾಡುವ ಕೆಲಸದ ಧೂಳಾದರೆ ಅದರಲ್ಲಿ ಕಬ್ಬಿಣ ಇರುತ್ತದೆ. ಒಂದು ಕಾಗದದ ಮೇಲೆ ಪುಡಿ ಹಾಕಿ ಕೆಳಗಿನಿಂದ ಅಯಸ್ಕಾಂತ ಆಡಿಸಿ ನೋಡಿ. ನಮ್ಮ ಕೆಂಪು ಮಣ್ಣಿನ ಧೂಳೂ ಸ್ವಲ್ಪ ಅಂಟುತ್ತದೆ, ಅದಕ್ಕೆ ದೂರದ ಬೀದಿಯ ಧೂಳನ್ನೂ ತಂದು ಹೋಲಿಸಿ. ಇದು ಕೋರ್ಟಿಗೆ ಸಾಕ್ಷಿ ಆಗುವುದಿಲ್ಲ. ಪುಡಿ ಎಲ್ಲಿಂದ ಅಂತ ನಿಮಗೊಂದು ಅಂದಾಜು ಸಿಗುತ್ತದೆ, ಅಷ್ಟೇ.

ರಾತ್ರಿ ಯಾಕೆ ಕೆಲಸ ಅಂತ ಎಲ್ಲರಿಗೂ ಅನುಮಾನ ಬರುತ್ತದೆ. ಅದು ಯಾವಾಗಲೂ ಕಳ್ಳ ಕೆಲಸ ಅಲ್ಲ. ದೊಡ್ಡ ಲೈನ್ ಕರೆಂಟ್ ತಗೊಳ್ಳುವವರಿಗೆ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಯೂನಿಟ್ ದರ ಕಡಿಮೆ, ಸಂಜೆ ಹೊತ್ತು ಜಾಸ್ತಿ. ಫರ್ನೇಸ್ ತಿನ್ನುವುದೇ ಕರೆಂಟ್. ಹಾಗಾಗಿ ಕರಗಿಸುವುದನ್ನು ರಾತ್ರಿಗೆ ಇಡುತ್ತಾರೆ. ಕಷ್ಟ ಎಂದರೆ ಚಳಿಗಾಲದ ರಾತ್ರಿಯೇ ಹೊಗೆ ಮೇಲಕ್ಕೆ ಏಳದ ಹೊತ್ತು. ಕೆಳಗಿನ ಗಾಳಿ ತಣ್ಣಗೆ, ಮೇಲಿನದು ಬೆಚ್ಚಗೆ, ನಡುವೆ ಹೊಗೆ ಮುಚ್ಚಳ ಹಾಕಿದ ಹಾಗೆ ಸಿಕ್ಕಿಕೊಳ್ಳುತ್ತದೆ. ನೀವು ರಸ್ತೆ ಮೇಲೆ ನೋಡುತ್ತಿರುವುದು ಅದನ್ನೇ.

ಈಗ ಮುಖ್ಯ ವಿಷಯ. ಬ್ಯಾಗ್ ಫಿಲ್ಟರ್ ಅಂದರೆ ದೊಡ್ಡ ಪೆಟ್ಟಿಗೆಯೊಳಗೆ ಸಾಲಾಗಿ ನೇತು ಹಾಕಿದ ಬಟ್ಟೆ ಚೀಲಗಳು. ಬ್ಲೋವರ್ ಹೊಗೆಯನ್ನು ಎಳೆಯುತ್ತದೆ, ಧೂಳು ಚೀಲಕ್ಕೆ ಕೂರುತ್ತದೆ, ಗಾಳಿ ಹೊರಗೆ ಹೋಗುತ್ತದೆ. ಚೀಲ ತೂತಾದರೆ ಧೂಳು ನೇರ ಹೊರಗೆ. ಚೀಲ ಕಟ್ಟಿಕೊಂಡರೆ ಹೊಗೆ ಒಳಗೇ ಉಳಿದು ಶೆಡ್ಡಿನ ಮಾಡಿನ ಸಂದಿಯಿಂದ ಹೊರಗೆ ಬರುತ್ತದೆ, ಚಿಮಣಿ ನೋಡಿದರೆ ಏನೂ ಇಲ್ಲ. ಬ್ಲೋವರ್ ಕರೆಂಟ್ ತಿನ್ನುತ್ತದೆ ಅಂತ ಅದನ್ನು ಆಫ್ ಮಾಡುವವರೂ ಇದ್ದಾರೆ. ನಾನು ಕಣ್ಣಾರೆ ನೋಡಿದ್ದೇನೆ, ಬೇರೆ ಕಡೆ ಕೆಲಸ ಮಾಡುವಾಗ ಆಫ್ ಮಾಡು ಅಂತ ನನಗೇ ಹೇಳಿದ್ದರು. ಆ ಕೆಲಸ ಬಿಟ್ಟೆ.

ಹಲವು ಸಮ್ಮತಿ ಪತ್ರಗಳಲ್ಲಿ ಈ ಉಪಕರಣಕ್ಕೆ ಬೇರೆ ಕರೆಂಟ್ ಮೀಟರ್ ಇರಬೇಕು, ಲಾಗ್ ಪುಸ್ತಕ ಬರೆಯಬೇಕು ಅಂತ ಷರತ್ತು ಇರುತ್ತದೆ. ನಿಮ್ಮ ಪ್ರತಿ ಸಿಕ್ಕಾಗ ಮೊದಲು ಅದನ್ನು ಹುಡುಕಿ. ಫರ್ನೇಸ್ ರಾತ್ರಿ ಇಡೀ ಓಡಿದೆ, ಬ್ಲೋವರ್ ಮೀಟರ್ ಮಾತ್ರ ಕದಲಿಲ್ಲ ಎಂದರೆ ಯಾರೂ ಏನೂ ವಾದ ಮಾಡುವ ಹಾಗಿಲ್ಲ.

ಪಕ್ಕದ ಮನೆಯವರಿಗೆ ಒಂದು ಮಾತು ಹೇಳಿ. ಹೊರಗೆ ಬರುವ ಧೂಳನ್ನು ಮೊದಲು ಕುಡಿಯುವುದು ಒಳಗಿರುವ ಅವರ ಹುಡುಗ. ಮರಳಿನ ಸಣ್ಣ ಧೂಳು ಎದೆಗೆ ಕೂತರೆ ಸಿಲಿಕೋಸಿಸ್ ಬರುತ್ತದೆ, ಬಂದ ಮೇಲೆ ವಾಸಿ ಆಗುವ ಕಾಯಿಲೆ ಅಲ್ಲ ಅದು. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲೇ ಅದರ ಹೆಸರಿತ್ತು. ಮುಖಕ್ಕೆ ಟವೆಲ್ ಕಟ್ಟಿಕೊಂಡು ಫೆಟ್ಲಿಂಗ್ (ಎರಕದ ಅಂಚು ಉಜ್ಜಿ ತೆಗೆಯುವ ಕೆಲಸ) ಮಾಡುವ ಹುಡುಗರನ್ನು ನೋಡಿದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಟವೆಲ್ ಆ ಧೂಳನ್ನು ತಡೆಯುವುದಿಲ್ಲ.

ಗಾಡಿಕೊಪ್ಪ_07

ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫ್ಯಾಕ್ಟರಿ ಮೊದಲೇ ಅಲ್ಲಿತ್ತು ತಾನೇ? ಸೈಟ್ ಕಡಿಮೆ ರೇಟಿಗೆ ಸಿಕ್ಕಿತು ಅಂತ ತಗೊಂಡು ಈಗ ಅವರಿಗೆ ತೊಂದರೆ ಕೊಟ್ಟರೆ ಹೇಗೆ? ಊರಲ್ಲಿ ಕೆಲಸ ಕೊಡುವವರೇ ಕಡಿಮೆ. ನಮ್ಮ ಹುಡುಗರೆಲ್ಲಾ ಬೆಂಗಳೂರಿಗೆ ಹೋಗಿ ಪಿಜಿಯಲ್ಲಿ ಕೂತಿದ್ದಾರೆ.

ಸಾಗರರಸ್ತೆ_ಮನೆ

ಬೇಜಾರಿಲ್ಲ, ಸೈಟ್ ಕಡಿಮೆ ರೇಟಿಗೆ ಸಿಕ್ಕಿದ್ದು ನಿಜ. ಆದರೆ ಬಡಾವಣೆಗೆ ಅನುಮೋದನೆ ಇತ್ತು, ಬ್ಯಾಂಕ್ ಸಾಲ ಕೊಟ್ಟಿತು, ಇಲ್ಲಿ ವಾಸ ಮಾಡಬಾರದು ಅಂತ ಯಾರೂ ಹೇಳಲಿಲ್ಲ. ಫ್ಯಾಕ್ಟರಿಗೂ ಮನೆಗೂ ನಡುವೆ ಒಂದು ಮರದ ಸಾಲಿಗೂ ಜಾಗ ಬಿಟ್ಟಿಲ್ಲ. ಅದು ಯೋಜನೆ ಮಾಡಿದವರ ತಪ್ಪು. ಅದನ್ನು ನಮ್ಮ ಅಮ್ಮನ ಶ್ವಾಸಕೋಶ ಯಾಕೆ ತೀರಿಸಬೇಕು?

ಹಳೇ_ಲ್ಯಾಬ್

ಗಾಡಿಕೊಪ್ಪದವರ ಪ್ರಶ್ನೆಗೆ ಕಾನೂನಿನ ಉತ್ತರ ಸರಳ. ಮೊದಲು ಬಂದವರಿಗೆ ಒಂದು ಮಿತಿ, ಆಮೇಲೆ ಬಂದವರಿಗೆ ಇನ್ನೊಂದು ಮಿತಿ ಅಂತ ಇಲ್ಲ. ಮಿತಿ ಚಿಮಣಿಗೆ ಸಂಬಂಧಿಸಿದ್ದು. ಸುತ್ತ ಕಾಡೇ ಇದ್ದರೂ ಅದು ಅಷ್ಟೇ ಇರುತ್ತದೆ.

ನಾನು ನಿವೃತ್ತ. ಗಾಳಿ, ನೀರಿನ ಮಾದರಿ ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಬಹಳ ವರ್ಷ ಇದ್ದವನು. ಕೆಲವು ಅಂಕಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

ಇಂಡಕ್ಷನ್ ಫರ್ನೇಸ್ ಇರುವ ಫೌಂಡ್ರಿಯ ಚಿಮಣಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 150 ಮಿಲಿಗ್ರಾಂಗಿಂತ ಜಾಸ್ತಿ ಧೂಳು ಇರಬಾರದು. ಕುಪೋಲಾ ಆದರೆ ಗಂಟೆಗೆ 3 ಟನ್ ಅಥವಾ ಅದಕ್ಕಿಂತ ಜಾಸ್ತಿ ಕರಗಿಸುವುದಕ್ಕೆ ಅದೇ 150, ಅದಕ್ಕಿಂತ ಚಿಕ್ಕದಕ್ಕೆ 450. ಇದು ದೇಶಕ್ಕೆಲ್ಲಾ ಇರುವ ಮಾನದಂಡ. ಮಂಡಳಿ ಸಮ್ಮತಿ ಪತ್ರದಲ್ಲಿ ಇನ್ನೂ ಬಿಗಿ ಮಾಡಬಹುದು. ಜನ ವಾಸ ಮಾಡುವ ಕಡೆಯ ಗಾಳಿಗೆ ಬೇರೆ ಲೆಕ್ಕ, 2009ರದ್ದು. ಪಿಎಂ 10 ಅನ್ನುವ ಧೂಳು 24 ಗಂಟೆಯ ಸರಾಸರಿಯಲ್ಲಿ 100 ಮೈಕ್ರೋಗ್ರಾಂ, ಇನ್ನೂ ಸಣ್ಣದಾದ ಪಿಎಂ 2.5 ಎಂಬುದು 60. ವಿನೋಬನಗರದಲ್ಲಿ ಮಂಡಳಿಯ ಗಾಳಿ ಅಳೆಯುವ ಕೇಂದ್ರ ಇದೆ, ಮೊಬೈಲಿನಲ್ಲಿ ಸಮೀರ್ ಆ್ಯಪ್ ಹಾಕಿಕೊಂಡರೆ ನೋಡಬಹುದು. ಆದರೆ ಅದು ಆ ಜಾಗದ ಗಾಳಿ ಅಳೆಯುತ್ತದೆ, ನಿಮ್ಮ ಹಿತ್ತಿಲಿನದ್ದಲ್ಲ. ಅಲ್ಲಿ ಹಸಿರು ಬಣ್ಣ ಕಂಡಿತು ಅಂತ ನಿಮ್ಮ ದೂರು ಸುಳ್ಳಾಗುವುದಿಲ್ಲ. ಶಬ್ದಕ್ಕೂ ಮಿತಿ ಇದೆ, 2000ದ ನಿಯಮದ ಪ್ರಕಾರ ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಫೆಟ್ಲಿಂಗ್ ಗ್ರೈಂಡರ್ ರಾತ್ರಿ ಕೂಗುತ್ತಿದ್ದರೆ ಅದನ್ನೂ ದೂರಿನಲ್ಲಿ ಸೇರಿಸಿ.

ಒಂದು ತಪ್ಪು ತಿಳಿವಳಿಕೆ ಎಲ್ಲಾ ಕಡೆ ಇದೆ. ಅಧಿಕಾರಿ ಮಾದರಿ ತೆಗೆಯುವಾಗ ಪಕ್ಕದಲ್ಲಿ ಮಾಲೀಕ ನಿಂತಿದ್ದರೆ ಜನ "ನೋಡಿ, ಇಬ್ಬರೂ ಒಂದೇ" ಅನ್ನುತ್ತಾರೆ. ಹಾಗಲ್ಲ. ಮಾದರಿ ತೆಗೆಯುತ್ತಿದ್ದೇವೆ ಅಂತ ಅಲ್ಲೇ ನೋಟಿಸ್ ಕೊಟ್ಟು, ಅವರ ಎದುರೇ ತೆಗೆದು, ಸೀಲು ಮಾಡಿ ಸಹಿ ಹಾಕಿಸಿದರೆ ಮಾತ್ರ ಆ ಮಾದರಿ ಕಾನೂನಿನಲ್ಲಿ ನಿಲ್ಲುತ್ತದೆ. ನೀರಿನದಾದರೆ ಎರಡು ಪಾಲು ಮಾಡಿ ಸೀಲು ಮಾಡುತ್ತಾರೆ. ಈ ಕ್ರಮ ತಪ್ಪಿದ್ದಕ್ಕೇ ಎಷ್ಟೋ ಒಳ್ಳೆಯ ಕೇಸುಗಳು ಬಿದ್ದುಹೋಗಿವೆ, ನೋಡಿ ಬಹಳ ನೊಂದಿದ್ದೇನೆ. ಹಾಗಂತ ಭೇಟಿಗೆ ಬರುತ್ತೇವೆ ಅಂತ ಮೊದಲೇ ತಿಳಿಸಬೇಕಾಗಿಲ್ಲ. ನೀವು ಕೇಳಬೇಕಾದ್ದು ಇದು: ಮುಂಚೆ ಹೇಳದೆ, ರಾತ್ರಿ, ಫರ್ನೇಸ್ ಓಡುವ ಹೊತ್ತಿನಲ್ಲಿ ಬನ್ನಿ. ಬೆಳಿಗ್ಗೆ 11 ಗಂಟೆಗೆ ಬಂದರೆ ತಣ್ಣಗಿನ ಚಿಮಣಿ ಅಳೆದುಕೊಂಡು ಹೋಗುತ್ತಾರೆ. ಹಳೇ ಪರೀಕ್ಷಾ ವರದಿ ಸಿಕ್ಕಾಗಲೂ ಮೊದಲು ಸಮಯ ನೋಡಿ, ಆಮೇಲೆ ಅಂಕಿ.

ಕ್ರಮದ ವಿಷಯ. ವಾಯು ಕಾಯ್ದೆಯ 31ಎ ಪ್ರಕಾರ ಮಂಡಳಿ ಉತ್ಪಾದನೆ ನಿಲ್ಲಿಸಿ ಅನ್ನಬಹುದು, ಕರೆಂಟ್ ಕಡಿತಕ್ಕೂ ಹೇಳಬಹುದು. ಮಿತಿ ಮೀರಿ ಹೊಗೆ ಬಿಟ್ಟರೆ ಮೊದಲು ಜೈಲು ಶಿಕ್ಷೆ ಇತ್ತು, 2023ರ ತಿದ್ದುಪಡಿ ಜಾರಿಯಾದ ಮೇಲೆ, ಅಂದರೆ 2024ರ ಏಪ್ರಿಲ್‌ನಿಂದ, 10 ಸಾವಿರದಿಂದ 15 ಲಕ್ಷದ ತನಕ ದಂಡ. ಇದಲ್ಲದೆ ಪರಿಸರ ಪರಿಹಾರ ಅಂತ ಒಂದಿದೆ, ಕೇಂದ್ರ ಮಂಡಳಿಯ ಸೂತ್ರ. ಮಾಲಿನ್ಯ ಎಷ್ಟು ಅಂತ ನೋಡಿ ಕಾರ್ಖಾನೆಗಳಿಗೆ ಬಣ್ಣದ ವರ್ಗ ಇದೆ, ಕೆಂಪು ಅಂದರೆ ಜಾಸ್ತಿ. ಕೆಂಪು ವರ್ಗಕ್ಕೆ 80 ಅಂಕ, ಕಿತ್ತಳೆಗೆ 50, ಹಸಿರಿಗೆ 30. ಅದಕ್ಕೆ 250 ರೂಪಾಯಿ, ಕಾರ್ಖಾನೆಯ ಗಾತ್ರ, ಊರಿನ ಜನಸಂಖ್ಯೆ, ತಪ್ಪು ನಡೆದ ದಿನಗಳು, ಎಲ್ಲಾ ಗುಣಿಸುತ್ತಾರೆ. ನಮ್ಮಂಥ ಊರಲ್ಲಿ ಕೆಂಪು ವರ್ಗದ ಸಣ್ಣ ಕಾರ್ಖಾನೆಗೆ ದಿನಕ್ಕೆ 10 ಸಾವಿರ ಆಗುತ್ತದೆ, ಕಿತ್ತಳೆಗೆ 6,250. ಒಂದು ದಿನದ ಲೆಕ್ಕ ಚಿಕ್ಕದು, ಆದರೆ 100 ದಿನ ಅಂತ ಸಾಬೀತಾದರೆ? ಅದಕ್ಕೇ ಕೂಡ್ಲಿ ದಾರಿಯವರು ಹೇಳಿದ ನೋಟ್‌ಬುಕ್ ಮುಖ್ಯ. ದಿನಗಳ ಲೆಕ್ಕ ಬೇರೆ ಯಾರೂ ಇಡುವುದಿಲ್ಲ.

ಎಲ್ಲಾ ಮುಗಿದ ಮೇಲೂ ಏನೂ ಆಗದಿದ್ದರೆ ಹಸಿರು ನ್ಯಾಯಮಂಡಳಿ ಇದೆ. ನಮಗೆ ಚೆನ್ನೈ ಪೀಠ. ಪರಿಹಾರ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಸಾಮಾನ್ಯ ಅರ್ಜಿಗೆ ಆರು ತಿಂಗಳ ಗಡುವು ಇದೆ, ಪರಿಹಾರದ ಅರ್ಜಿಗೆ ಐದು ವರ್ಷ. ಇವತ್ತು ನಾಳೆ ಅಂತ ಕಾಯುತ್ತಾ ಕೂರಬೇಡಿ.

ಪೇಪರ್‌ಟೌನ್

ಭದ್ರಾವತಿಯಿಂದ ಬರೆಯುತ್ತಿದ್ದೇನೆ. ಕೆಲಸ ಮುಖ್ಯವಾ ಗಾಳಿ ಮುಖ್ಯವಾ ಅಂತ ಮಾತು ಬಂದಾಗ ಸುಮ್ಮನಿರಲು ಆಗುವುದಿಲ್ಲ.

ನಮ್ಮೂರು ಬೆಳೆದದ್ದೇ ಕಾರ್ಖಾನೆಯಿಂದ. ಕಬ್ಬಿಣದ ಕಾರ್ಖಾನೆ 1918ರಲ್ಲಿ ಶುರು, ಕಾಗದದ್ದು 1936ರಲ್ಲಿ. ಸೈರನ್ ಕೇಳಿ ಅನ್ನಕ್ಕೆ ಇಡುತ್ತಿದ್ದ ಮನೆಗಳು ನಮ್ಮವು. ಎಂಪಿಎಂನಲ್ಲಿ, ಅಂದರೆ ಆ ಕಾಗದ ಕಾರ್ಖಾನೆಯಲ್ಲಿ, ಉತ್ಪಾದನೆ 2015ರಲ್ಲಿ ನಿಂತಿತು. 2023ರ ಜನವರಿಯಲ್ಲಿ ವಿಐಎಸ್‌ಎಲ್ (ಆ ಕಬ್ಬಿಣದ ಕಾರ್ಖಾನೆ) ಮುಚ್ಚುವ ತೀರ್ಮಾನ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗೆ ಬಂದು ಕೂತರು. ಎರಡಕ್ಕೂ ಕಾರಣ ಮಾಲಿನ್ಯದ ದೂರು ಅಲ್ಲ. ನಷ್ಟ, ಹಳೇ ಯಂತ್ರ, ಬಂಡವಾಳ ಹಾಕದೇ ಇದ್ದದ್ದು, ಅದಿರಿಗೆ ಸ್ವಂತ ಗಣಿ ಇಲ್ಲದ್ದು, ಇಂಥವು. ಒಂದು ಫಿಲ್ಟರ್ ಚೀಲ ಬದಲಾಯಿಸಿದ್ದಕ್ಕೆ ಮುಚ್ಚಿಹೋದ ಕಾರ್ಖಾನೆಯನ್ನು ನನ್ನ ಜೀವನದಲ್ಲಿ ನೋಡಿಲ್ಲ. ಹಾಗಾಗಿ "ದೂರು ಕೊಟ್ಟರೆ ಕೆಲಸ ಹೋಗುತ್ತದೆ" ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಕೆಲಸ ಹೋದ ಮನೆಯಿಂದಲೇ ಬಂದವನು ನಾನು.

ಇನ್ನೊಂದು ಕಡೆಯೂ ಇದೆ, ಅದನ್ನೂ ಹೇಳಬೇಕು. 2018ರಲ್ಲಿ ಕೇಂದ್ರ ಮಂಡಳಿ ಮಾಡಿದ ಕಲುಷಿತ ನದಿಗಳ ಪಟ್ಟಿಯಲ್ಲಿ ನಮ್ಮ ರಾಜ್ಯದ 17 ನದಿ ಭಾಗಗಳಿದ್ದವು. ಭದ್ರೆ ಭದ್ರಾವತಿ ಹೊಳೆಹೊನ್ನೂರು ನಡುವೆ, ತುಂಗೆ ಶಿವಮೊಗ್ಗದಿಂದ ಕೂಡ್ಲಿ ತನಕ, ಎರಡೂ ಅದರಲ್ಲಿವೆ. "ಗಂಗಾ ಸ್ನಾನ, ತುಂಗಾ ಪಾನ" ಅಂತ ಹೇಳಿಕೊಂಡು ಬಂದವರು ನಾವು. ಆ ಕೊಳೆಯಲ್ಲಿ ಕಾರ್ಖಾನೆಯದ್ದು ಇರಬಹುದು, ಆದರೆ ನಮ್ಮ ಮನೆಗಳ ಬಚ್ಚಲು, ಕಕ್ಕಸಿನ ನೀರೂ ಅಷ್ಟೇ ಇದೆ. ಫ್ಯಾಕ್ಟರಿಗೆ ಷರತ್ತು ತೋರಿಸುವ ನಾವು ಪಾಲಿಕೆಗೂ ಕೇಳಬೇಕು, ನಮ್ಮ ಬಡಾವಣೆಯ ಒಳಚರಂಡಿ ಎಲ್ಲಿಗೆ ಹೋಗಿ ಸೇರುತ್ತದೆ ಅಂತ. ಕಾಯ್ದೆ ಇಬ್ಬರಿಗೂ ಒಂದೇ.

ಅಕ್ಕಾ, ಕೊನೆಯದಾಗಿ, ಒಬ್ಬರೇ ಹೋಗಬೇಡಿ. ಕಾರ್ಮಿಕರ ಮನೆಯವರನ್ನು ಮೊದಲು ಕರೆಯಿರಿ. ಎರಕದವರು ಬರೆದದ್ದನ್ನು ಓದಿ ಹೇಳಿ. ಅವರು ಸಹಿ ಹಾಕದೇ ಇದ್ದರೂ ಪರವಾಗಿಲ್ಲ, ಗೊತ್ತಿದ್ದರೆ ಸಾಕು.

ಸಾಗರರಸ್ತೆ_ಮನೆ

ಎರಡು ತಿಂಗಳ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು, ಕ್ಷಮಿಸಿ. ನೀವೆಲ್ಲಾ ಇಷ್ಟು ಬಿಡಿಸಿ ಹೇಳದಿದ್ದರೆ ನಾನು ಇನ್ನೂ ಅದೇ ಒಂದು ಪುಟದ ಉತ್ತರ ಹಿಡಿದುಕೊಂಡು ಕೂತಿರುತ್ತಿದ್ದೆ.

ಸಮ್ಮತಿ ಪತ್ರದ ಪ್ರತಿ 27ನೇ ದಿನಕ್ಕೆ ಸಿಕ್ಕಿತು. ಎರಕದವರು ಹೇಳಿದ ಹಾಗೇ ಇತ್ತು. ಧೂಳು ನಿಯಂತ್ರಣ ಉಪಕರಣಕ್ಕೆ ಬೇರೆ ಮೀಟರ್, ದಿನದ ಲಾಗ್ ಪುಸ್ತಕ. ಇನ್ನೊಂದು ಷರತ್ತು ಓದಿ ನನಗೆ ಅಳು ಬಂತು, ಕಾಂಪೌಂಡ್ ಸುತ್ತ ಮರ ಬೆಳೆಸಬೇಕು ಅಂತ ಇದೆ. ನಮ್ಮ ಕಡೆಯ ಕಾಂಪೌಂಡಿನಲ್ಲಿ ಇರುವುದು ಹಳೇ ಮರಳಿನ ರಾಶಿ. ಪರೀಕ್ಷಾ ವರದಿಗಳು ನಾಲ್ಕು ಸಿಕ್ಕವು. ಧೂಳಿನ ಅಂಕಿ ನಾಲ್ಕರಲ್ಲೂ ಮಿತಿಯೊಳಗೇ ಇದೆ. ಸಮಯ ನೋಡಿದೆ ಸರ್. ನಾಲ್ಕೂ ಬೆಳಿಗ್ಗೆ 10ರಿಂದ ಮಧ್ಯಾಹ್ನ 1ರ ಒಳಗೆ.

ಪಕ್ಕದ ಮನೆ ಅತ್ತೆಯ ಮಗನಿಗೆ ಇಲ್ಲಿ ಬರೆದದ್ದನ್ನು ಓದಲು ಕೊಟ್ಟೆ. ಒಂದು ವಾರ ಮಾತಾಡಲಿಲ್ಲ. ಆಮೇಲೆ ಒಂದು ಸಂಜೆ ಗೇಟಿನ ಹತ್ತಿರ ನಿಂತು, "ಅಕ್ಕಾ, ಬ್ಲೋವರ್ ಬೆಲ್ಟ್ ಹೋಗಿ ಮಳೆಗಾಲದಿಂದ ಹಾಗೇ ಇದೆ. ನನ್ನ ಹೆಸರು ಎಲ್ಲೂ ಬರಬಾರದು" ಅಂದ. ಅವನಿಗೂ ಕೆಮ್ಮು ಇದೆಯಂತೆ. ನಾನು ಅವನ ಮಾತನ್ನು ಎಲ್ಲೂ ಬರೆಯಲಿಲ್ಲ, ಯಾರಿಗೂ ಹೇಳಲಿಲ್ಲ. ಮಾಸ್ಕ್ ಕೊಡಿ ಅಂತ ಅವರು ಒಳಗೇ ಕೆಲವರು ಸೇರಿ ಕೇಳಿದ್ದಾರೆ. ಈಗ ಫೆಟ್ಲಿಂಗ್‌ನವರಿಗೆ ಸರಿಯಾದ ಮಾಸ್ಕ್ ಕೊಡುತ್ತಿದ್ದಾರಂತೆ.

ನಾವು 31 ಮನೆಯವರು ಸಹಿ ಹಾಕಿ ಅರ್ಜಿ ಕೊಟ್ಟೆವು, ನೋಟ್‌ಬುಕ್ಕಿನ 46 ರಾತ್ರಿಗಳ ಪ್ರತಿ ಜೊತೆಗೆ. ಈ ಸಲ ಧೂಳಿನ ಬಗ್ಗೆ ಒಂದೇ ಸಾಲು, ಉಳಿದದ್ದೆಲ್ಲಾ ಷರತ್ತಿನ ನಂಬರ್. ರಾತ್ರಿ ಪರಿಶೀಲನೆ ಮಾಡಿ ಅಂತ ಕೇಳಿದ್ದೆವು. ಹೋದ ಬುಧವಾರ ರಾತ್ರಿ 11 ಗಂಟೆಗೆ ನಿಜವಾಗಿಯೂ ಜೀಪ್ ಬಂತು. ಇಬ್ಬರು ಅಧಿಕಾರಿಗಳು ಒಳಗೆ ಹೋದರು, ಒಂದೂವರೆ ಗಂಟೆ ಇದ್ದರು. ಹೊರಗೆ ಬಂದ ಮೇಲೆ ನಮ್ಮ ಮನೆ ಜಗಲಿ ಮೇಲೆ ಕೂತು ಮಹಜರು ಬರೆದರು. ಮೀಟರ್ ರೀಡಿಂಗ್ ತಗೊಂಡಿದ್ದಾರೆ. ಕಾರ್ಖಾನೆಗೆ ನೋಟಿಸ್ ಹೋಗಿದೆ, ಉತ್ತರಕ್ಕೆ 15 ದಿನ ಕೊಟ್ಟಿದ್ದಾರೆ. ಅಷ್ಟು ಹೊತ್ತಿನಲ್ಲಿ ಬಂದು ನಿಂತು ಕೆಲಸ ಮಾಡಿದ ಆ ಅಧಿಕಾರಿಗಳಿಗೆ ನಾನು ಋಣಿ. ಅಮ್ಮ ಅವರಿಗೆ ಕಷಾಯ ಮಾಡಿಕೊಟ್ಟರು.

ಮೂರು ದಿನದಿಂದ ವಾಸನೆ ಹಾಗೇ ಇದೆ, ಪುಡಿ ಮಾತ್ರ ಕಡಿಮೆ. ಎರಕದವರೇ, ಒಂದು ಕೇಳಬೇಕಿತ್ತು: ಬ್ಲೋವರ್ ಸರಿ ಮಾಡಿದರೂ ಶೆಲ್ ಕೋರ್ ವಾಸನೆ ಹಾಗೇ ಉಳಿಯುತ್ತದಾ? ಅದಕ್ಕೆ ಬೇರೆ ಉಪಕರಣ ಬೇಕಾ?

ಎರಕದವನು

ಉಳಿಯುತ್ತದೆ. ಬ್ಯಾಗ್ ಫಿಲ್ಟರ್ ಹಿಡಿಯುವುದು ಧೂಳನ್ನು ಮಾತ್ರ, ಅನಿಲವನ್ನಲ್ಲ. ಕೋರ್ ಮಾಡುವ ಕಡೆ ಬೇರೆ ಹುಡ್ ಹಾಕಿ, ನೀರು ಚಿಮ್ಮುವ ಸ್ಕ್ರಬ್ಬರ್ ಮೂಲಕ ಹಾಯಿಸಬೇಕು. ಸಮ್ಮತಿ ಪತ್ರದಲ್ಲಿ ಕೋರ್ ವಿಭಾಗದ ಹೆಸರೇ ಇಲ್ಲದಿದ್ದರೆ, ಅದನ್ನು ಆಮೇಲೆ ಮಂಡಳಿಗೆ ಹೇಳದೆ ಸೇರಿಸಿರಬಹುದು. ಹಾಗಿದ್ದರೆ ವಿಸ್ತರಣೆಗೆ ಬೇರೆ ಸಮ್ಮತಿ ತಗೊಳ್ಳಬೇಕಿತ್ತು. ಆ ಪುಟವನ್ನು ಇನ್ನೊಂದು ಸಲ ನೋಡಿ ಅಕ್ಕಾ, ಯಾವ ಯಾವ ಯಂತ್ರ ಅಂತ ಪಟ್ಟಿ ಇರುತ್ತದೆ. ನೋಟಿಸ್‌ಗೆ ಉತ್ತರ ಬರುವ ಮೊದಲೇ ಇದನ್ನೂ ಬರೆದು ಕೊಡಿ.